ಹೆಂಚಿನ ಕಾರ್ಖಾನೆಯ ಎವ್ಲಿನ್ ಬಾಯಿ

ಕದ್ರಿ ಗುಡ್ಡ, ಮಂಗಳೂರು
ಕಡಲೇರಿದ ತೊಂಬತ್ತೊಂದನೇ ವರ್ಷ, ಮಂಜುಮಾಸ ಮೂವತ್ತನಾಲ್ಕು

ನಮಗಿಂತ ಮೊದಲು ಬಾಳಿದ ಹಿರಿಯರಿಗೆ ಚಂಚಲಾಕ್ಷಿ ಕೋಟ್ಯಾನ್ ಮಾಡುವ ನಮಸ್ಕಾರಗಳು.

ಮೇಲಿನ ತಾರೀಖು ನಿಮ್ಮ ಕ್ಯಾಲೆಂಡರಿನಲ್ಲಿ ಸಿಗಲಾರದು. ಕಡಲು ಊರಿಗೆ ಏರಿ ಬಂದಂದಿನಿಂದ ನಾವು ವರ್ಷ ಎಣಿಸುತ್ತೇವೆ. ಮಳೆಗೂ ಚಳಿಗೂ ನಡುವೆ ಊರೆಲ್ಲ ಮಂಜಿನಲ್ಲಿ ಮುಳುಗಿರುವ ದಿನಗಳನ್ನು ನಾವು ಹದಿಮೂರನೆಯ ತಿಂಗಳೆಂದು ಎಣಿಸುತ್ತೇವೆ. ನನ್ನ ಕೆಲವು ಮಾತುಗಳೂ ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ನಾನು ಡಬಲ್ ಬೇಸ್ ಎಂಬ ದೊಡ್ಡ ತಂತಿವಾದ್ಯ ನುಡಿಸುವವಳು, ಬರೆದು ಅಭ್ಯಾಸವಿಲ್ಲ. ನಾವೆಲ್ಲ ಗೌರವದಿಂದ ಬಾಯಿ ಎಂದು ಕರೆಯುತ್ತಿದ್ದ ಸಂಗೀತ ನಿರ್ಮಾಪಕಿ ಎವ್ಲಿನ್ ಪಿಂಟೊ ಅವರ ಜೊತೆಯಲ್ಲೇ ನನ್ನ ಆಯುಷ್ಯ ಕಳೆಯಿತು. ಹೋದ ತಿಂಗಳು ಅವರು ತೀರಿಕೊಂಡರು. ಇಲ್ಲಿ ಅವರನ್ನು ಅರಿಯದವರಿಲ್ಲ. ಅರಿಯದ ಯಾರಿಗಾದರೂ ಹೇಳಬೇಕೆನಿಸಿ ನಿಮಗೆ ಬರೆಯುತ್ತಿದ್ದೇನೆ.

ನಮ್ಮ ಕಾಲದಲ್ಲಿ ಸಮುದ್ರ ಊರ ನಡುವಿನ ಹಂಪನಕಟ್ಟೆಯವರೆಗೆ ಬಂದಿದೆ. ಮೀನು ಮಾರುವವರು ದೋಣಿಯಲ್ಲಿ ಬಂದು ಕಿಟಕಿಯ ಕೆಳಗೆ ಕೂಗುತ್ತಾರೆ, ನಾವು ಹಗ್ಗ ಕಟ್ಟಿದ ಬುಟ್ಟಿ ಇಳಿಸುತ್ತೇವೆ. ಮದುವೆಗಳೂ ದೋಣಿಯ ಮೇಲೆಯೇ. ಎವ್ಲಿನ್ ಬಾಯಿ ಹದಿಹರೆಯದಲ್ಲಿ ಅಂಥ ಮದುವೆಗಳಲ್ಲಿ ಟ್ರಂಪೆಟ್ ಊದುತ್ತಿದ್ದರು. ಒಮ್ಮೆ ಒಂದು ದೋಣಿಯಿಂದ ಇನ್ನೊಂದಕ್ಕೆ ದಾಟುವಾಗ ಬಿದ್ದು ಮುಂದಿನ ಹಲ್ಲು ಮುರಿಯಿತು, ತುಟಿ ಹರಿಯಿತು. ಊದುವುದು ಅಲ್ಲಿಗೆ ಮುಗಿಯಿತು. ಕೆಲವು ತಿಂಗಳು ಮದುವೆ ದೋಣಿಗಳನ್ನೇ ಹತ್ತಲಿಲ್ಲವಂತೆ. ಆಮೇಲೆ ಉಳಿದವರು ನುಡಿಸುವಾಗ ಸ್ವಲ್ಪ ದೂರದಲ್ಲಿ ಕಣ್ಣು ಮುಚ್ಚಿ ಕೇಳತೊಡಗಿದರು. ಯಾರು ಎಲ್ಲಿ ನಿಂತರೆ ಚೆನ್ನ, ಯಾರು ಯಾವಾಗ ಸುಮ್ಮನಿರಬೇಕು ಎಂದು ಹೇಳತೊಡಗಿದರು. ಅವರು ಹೇಳಿದಂತೆ ನಿಂತರೆ ಅದೇ ಹಾಡು ಬೇರೆಯೇ ಆಗುತ್ತಿತ್ತು.

ಕುಲಶೇಖರದ ಏರಿನಲ್ಲಿ ಪಾಳುಬಿದ್ದಿದ್ದ ಹೆಂಚಿನ ಕಾರ್ಖಾನೆಯನ್ನು ಅವರು ಸ್ಟುಡಿಯೋ ಮಾಡಿಕೊಂಡರು. ಹೆಂಚು ಸುಡುತ್ತಿದ್ದ ಗೂಡಿನೊಳಗೆ ನಿಂತು ಹಾಡಿದರೆ ಸ್ವರ ಗೋಡೆ ಸವರಿಕೊಂಡು ತಡವಾಗಿ ಮರಳುತ್ತಿತ್ತು, ನಿದ್ದೆಯಲ್ಲಿ ಯಾರೋ ಕರೆದ ಹಾಗೆ. ಗುಡ್ಡದ ಹೋಟೆಲಿನಲ್ಲಿ ಜಾಝ್ ಹಾಡುತ್ತಿದ್ದ ಭೋಜ ಸಾಲಿಯಾನ್ ಅವರನ್ನು ಬಾಯಿ ಅಲ್ಲಿ ನಿಲ್ಲಿಸಿ ಹಾಡಿಸಿದರು. ಆ ರೆಕಾರ್ಡು ಕೊಚ್ಚಿಯಿಂದ ಗೋವೆಯವರೆಗೆ ಇಬ್ಬರನ್ನೂ ಪ್ರಸಿದ್ಧರನ್ನಾಗಿ ಮಾಡಿತು. ಬಳಿಕ ಬಾಯಿ ಪಾಪ್ ಹಾಡುಗಳಿಗೆ ಇಳಿದರು. ಹುಡುಗ ಹುಡುಗಿಯರು ತೇಲುಕಟ್ಟೆಗಳ ಮೇಲೆ, ಅಂದರೆ ನೀರಿನಲ್ಲಿ ತೇಲುವ ನಮ್ಮ ಅಂಗಳಗಳ ಮೇಲೆ, ಆ ಹಾಡುಗಳಿಗೆ ಕುಣಿದರು. ಜಾಝ್ ಮಂದಿ ಮೂಗು ಮುರಿದಾಗ, ಕುಣಿಯುವವರಿಗೂ ಒಳ್ಳೆಯ ಡ್ರಮ್ ಬೇಡವೇ ಎಂದು ಬಾಯಿ ನಕ್ಕರು. ನಡುವೆ ದೋಣಿ ನಿಲ್ದಾಣಗಳಿಗೆ, ದೋಣಿ ಬಂತೆಂದು ತಿಳಿಸುವ ಕರೆಸ್ವರ ಮಾಡಿಕೊಟ್ಟರು, ಆಸ್ಪತ್ರೆಯ ಮಕ್ಕಳಿಗೆ ಜೋಗುಳವನ್ನೂ.

ಭೋಜಣ್ಣನಿಗೆ ವಯಸ್ಸಾಗಿ ಮರೆವು ಬಂತು. ಆಗ ಬಾಯಿಯ ರೆಕಾರ್ಡುಗಳನ್ನು ಮಾರುತ್ತಿದ್ದ ಕಂಪನಿಯವರಿಗೆ ಭೋಜಣ್ಣನ ನೆರಳುಕಂಠ ಬೇಕಾಯಿತು. ಹಾಡುಗಾರನಿಲ್ಲದೆ ಅವನ ಧ್ವನಿಯಲ್ಲೇ ಹೊಸ ಹಾಡು ಹಾಡುವ ಯಂತ್ರಕ್ಕೆ ನಾವು ಹಾಗೆನ್ನುತ್ತೇವೆ. ಮಗಳು ಹೇಮಲತಾ ಒಪ್ಪಿದ್ದಳು. ಯಾಕೆಂದು ಬಾಯಿ ಕೇಳಿದ್ದಕ್ಕೆ ಅವಳು ತಲೆ ತಗ್ಗಿಸಿ ಹೇಳಿದಳು: "ಅಪ್ಪನಿಗೆ ನನ್ನ ಹೆಸರೂ ನೆನಪಿಲ್ಲ. ಧ್ವನಿಯಾದರೂ ಉಳಿಯಲಿ ಅಂತ."

"ಉಳಿಸುವ," ಎಂದರು ಬಾಯಿ. "ಆದರೆ ಅವರೇ ಹಾಡಲಿ."

ಒಂದು ಮಧ್ಯಾಹ್ನ ಭೋಜಣ್ಣನನ್ನು ಗೂಡಿನೊಳಗೆ ಕುರ್ಚಿ ಹಾಕಿ ಕೂರಿಸಿದೆವು. ಹೊರಗೆ ಇದೇ ಮಂಜು. ನಾನು ಮೆಲ್ಲಗೆ ಬೇಸ್ ಮೀಟುತ್ತಿದ್ದೆ. ಅವರು ನಮ್ಮನ್ನೆಲ್ಲ ನೋಡಿದರು, ಗೋಡೆ ನೋಡಿದರು, ಹಾಡಲಿಲ್ಲ. ಕಂಪನಿಯವರು ಸಮಯ ಹಾಳೆಂದು ಗೊಣಗಿ ಎದ್ದು ಹೋದರು. ಬಾಯಿ ರೆಕಾರ್ಡಿಂಗ್ ಯಂತ್ರವನ್ನು ಓಡಲು ಬಿಟ್ಟು ಬಂದು ಭೋಜಣ್ಣನ ಪಕ್ಕ ನೆಲದ ಮೇಲೆ ಕೂತರು.

ಬಹಳ ಹೊತ್ತಿನ ಮೇಲೆ ಭೋಜಣ್ಣ ಕೇಳಿದರು: "ಬಾಯಿ, ನನ್ನ ಸರದಿ ಬಂತಾ?"

"ನಿಮಗೆ ಬೇಕಾದಾಗ ಬರ್ತದೆ, ಭೋಜಣ್ಣ. ನಮಗೇನೂ ಅವಸರ ಇಲ್ಲ."

ಅವರು ಹೇಮಲತಾಳ ಕೈ ಎಳೆದುಕೊಂಡು ಅವಳ ಅಂಗೈಯಲ್ಲಿ ತಾಳ ಹಾಕತೊಡಗಿದರು. ಪದಗಳಿಲ್ಲದೆ ಸ್ವರ ಮಾತ್ರ ಬಂತು, ಮೊದಲು ನಡುಗುತ್ತಾ, ಆಮೇಲೆ ನನ್ನ ಬೇಸಿಗಿಂತ ಮುಂದೆ. ಅವಳು ಅಳುತ್ತಲೇ ಒಮ್ಮೆ ನಕ್ಕುಬಿಟ್ಟಳು. ಅವಳ ಹೆಸರು ಅವರಿಗೆ ಅಂದೂ ನೆನಪಾಗಲಿಲ್ಲ, ಆಮೇಲೂ ಇಲ್ಲ.

ಆ ನಗುವನ್ನೂ ಹಾಡಿಗೆ ಮೊದಲಿನ ಉದ್ದ ಮೌನವನ್ನೂ ತೆಗೆಯಬೇಕೆಂದು ಕಂಪನಿ ಹೇಳಿತು. ಬಾಯಿ ಅವನ್ನು ಉಳಿಸಿಕೊಂಡೇ ಹಾಡನ್ನು ಹೊರತಂದರು. ಹೇಮಲತಾ ನೆರಳುಕಂಠದ ಒಪ್ಪಿಗೆ ಹಿಂತೆಗೆದುಕೊಂಡಳು. ಕಂಪನಿ ಎವ್ಲಿನ್ ಬಾಯಿಗೆ ಕೆಲಸ ಕೊಡುವುದನ್ನು ನಿಲ್ಲಿಸಿತು. ಮುಂದೆ ದೊಡ್ಡ ರೆಕಾರ್ಡು ಯಾವುದೂ ಅವರ ಕೈಗೆ ಬರಲಿಲ್ಲ. ಅದರ ನೋವು ಅವರಿಗೆ ಇತ್ತು, ನನಗೆ ಗೊತ್ತು. ಆದರೂ ಮಂಜು ಕವಿದು ದೋಣಿಗಳು ನಿಂತಾಗ ಈ ಊರಿನ ಜನ ಹಾಕಿಕೊಳ್ಳುವುದು ಆ ಒಂದು ಹಾಡನ್ನೇ.

ಹಿರಿಯರೇ, ನಿಮ್ಮಲ್ಲಿ ಒಂದು ಕೋರಿಕೆ. ನಿಮ್ಮ ಮನೆಗಳಲ್ಲಿ ಹಾಡುವವರು ಇನ್ನೂ ಇದ್ದಾರೆ. ಅವರು ಮರೆತು ನಡುವೆ ನಿಂತರೆ ಪದ ಎತ್ತಿ ಕೊಡಬೇಡಿ. ಪಕ್ಕದಲ್ಲಿ ಕೂತಿರಿ. ಮುಂದಿನ ಸ್ವರಕ್ಕೆ ಎಷ್ಟು ಹೊತ್ತಾದರೂ ಆಗಲಿ.