ಚೀಟಿ ಕಿತ್ತ ತೋಟಾಗಳು

ಅಣ್ಣಾ,

ಮೊಸರನ್ನ ಫ್ರಿಜ್ಜಿನಲ್ಲಿದೆ.

ತಾತನ ಕೋವಿಯ ಹಳೇ ಖಾಲಿ ತೋಟಾಗಳನ್ನು ನೋಡಲು ಪೀಳಮೇಡಿನ ಕಾಲೇಜಿನವರು ನಾಲ್ಕಕ್ಕೆ ಬರುತ್ತಾರೆ. ಪೆಟ್ಟಿಗೆ ಮೇಜಿನ ಮೇಲಿದೆ. ಹನ್ನೆರಡು ವರ್ಷ ಭೂತಗನ್ನಡಿ ಹಿಡಿದು, ಹಿತ್ತಾಳೆ ಬುಡದ ಅಕ್ಷರ ಓದಿ, ಒಂದೊಂದಕ್ಕೂ ತಯಾರಾದ ಊರು, ಕಾಲದ ಚೀಟಿ ಬರೆದು ಅಂಟಿಸಿದವಳು ನಾನು. ಮೊನ್ನೆ ಪತ್ರಿಕೆಯವರು ನನ್ನ ಬಗ್ಗೆ ಕೇಳಿದರೆ ನೀನು, "ಅವ್ಳಾ? ದೂಸಿ ಧೂಳು ಒರ್ಸ್ತಾಳೆ, ಅಷ್ಟೇ" ಅಂದೆ. ನಿಮಗೆಲ್ಲ ಕಾಫಿ ಸೋಸುತ್ತಾ ಕೇಳಿಸಿಕೊಂಡೆ.

ಬೆಳಿಗ್ಗೆ ಆ ಚೀಟಿಗಳನ್ನೆಲ್ಲ ಕಿತ್ತುಹಾಕಿದೆ. ಆ ವಿವರವೆಲ್ಲ ಬರೆದಿಟ್ಟ ನನ್ನ ನೋಟ್‌ಬುಕ್ಕನ್ನು ತೊಂಡಾಮುತ್ತೂರಿಗೆ ಒಯ್ಯುತ್ತಿದ್ದೇನೆ. ಫೋನ್ ಎತ್ತುವುದಿಲ್ಲ. ಕೆಂಪು ಕಾಗದದ ತೋಟಾ ಯಾವ ಕಾಲದ್ದೆಂದು ಖಂಡಿತ ಕೇಳುತ್ತಾರೆ. ನೀನೇ ಹೇಳು.

ಆ ಪತ್ರಿಕೆಯವರನ್ನೂ ನಾಲ್ಕಕ್ಕೇ ಮತ್ತೆ ಬರಹೇಳಿದ್ದೇನೆ. ಕುರ್ಚಿ ಸಾಲದಿದ್ದರೆ ಪಕ್ಕದ ಮನೆ ಸೆಲ್ವಿಯನ್ನು ಕೇಳು.

ಕೋಕಿಲಾ