ಚಪ್ಪಲಿ ನೋಡ್ಕೊ

4-11-2024, ಸೋಮವಾರ, ಬೆಳಿಗ್ಗೆ 6
ಸ್ಟೌ ಹಚ್ಚಿದೆ. ಎರಡು ಲೋಟ ನೀರಿಟ್ಟೆ. ಒಂದನ್ನು ಚೆಲ್ಲಿದೆ. ನಮ್ಮ ಮನೆಯವರು ಹೋಗಿ ನೂರಾ ಹದಿನಾಲ್ಕು ದಿನ. ಕೈಗೆ ಇನ್ನೂ ಗೊತ್ತಾಗಿಲ್ಲ.

ಎಂಟಕ್ಕೆ ಮಂಡಿ. ಅಡಿಕೆ ಆರಿಸುವಾಗ ಮಾತ್ರ ನೆಮ್ಮದಿ. ಕೆಂಪಗಿದ್ದದ್ದು ಒಂದು ಕಡೆ, ಸುಕ್ಕಿದ್ದು ಒಂದು ಕಡೆ. ಯಾರ ಮುಖವನ್ನೂ ನೋಡಬೇಕಿಲ್ಲ.

ನಾಳೆ ದಾವಣಗೆರೆ. ಮನಸ್ಸಿನ ಡಾಕ್ಟರ ಹತ್ತಿರ ಮೂರನೇ ಸಲ. ನಿದ್ದೆ ಬರುವುದಿಲ್ಲವೆಂದು ಹೋದದ್ದು. ಅವರು ಬಾಲ್ಯದ್ದೆಲ್ಲ ಕೇಳುತ್ತಾರೆ — ಸ್ಕೂಲಿನಲ್ಲಿ ಯಾರ ಜೊತೆ ಆಡುತ್ತಿದ್ದಿರಿ, ಮಿಕ್ಸಿ ಸದ್ದಿಗೆ ಏನಾಗುತ್ತದೆ...

5-11, ಸಂಜೆ, ಚನ್ನಗಿರಿ ಬಸ್ಸಿನಲ್ಲಿ
ಆಟಿಸಂ. ಚೀಟಿಯಲ್ಲಿ ಬರೆಸಿಕೊಂಡೆ. ನಲವತ್ತೇಳು ವರ್ಷ ಆದಮೇಲೆ ಒಂದು ಹೆಸರು.

"ಕಾಯಿಲೆ ಅಲ್ಲಮ್ಮ, ಹುಟ್ಟಿನಿಂದ ನೀವು ಹೀಗೇ" ಅಂದರು. ವಾಸಿಯಾಗುತ್ತದಾ ಎಂದು ಕೇಳಿದೆ. ಅರ್ಥ ಮಾಡಿಕೊಳ್ಳಬೇಕು ಅಷ್ಟೇ, ಮನೆಯಲ್ಲಿ ಹೇಳಿ ಅಂದರು. ಮನೆಯಲ್ಲಿ ಯಾರು? ಮಗಳು ಮೇಘಶ್ರೀ ಒಬ್ಬಳೇ. ಹೊನ್ನಾಳಿಗೆ ಕೊಟ್ಟಿದ್ದೇವೆ. ಆರು ತಿಂಗಳ ಬಸುರಿ. ಅಪ್ಪ ಸತ್ತ ದಿನದಿಂದ ನನ್ನೊಂದಿಗೆ ಮಾತು ಅಷ್ಟಕ್ಕಷ್ಟೆ.

ಆ ದಿನ... ಸಾವಿನ ಮನೆಗೆ ಯಾವ ಹೆಂಗಸು ಬಂದರೂ ಮನೆಯವಳ ಕೊರಳಿಗೆ ಬಿದ್ದು ಅಳುತ್ತಾಳೆ. ಮನೆಯವಳೂ ಪ್ರತಿ ಸಲ ಹೊಸದಾಗಿ ಅಳಬೇಕು. ಜಗಳೂರಿನ ನೆಂಟರು ಒಂದು ಟೆಂಪೋ ತುಂಬ ಬಂದಿಳಿದರು. ಎದ್ದು ಹೊರಗೆ ಹೋದೆ. ಅಂಗಳದಲ್ಲಿ ಚಪ್ಪಲಿ ರಾಶಿ. ಕೂತು ಜೋಡಿ ಮಾಡಿದೆ. ಹೆಣ ಎತ್ತುವವರೆಗೂ ಅದನ್ನೇ ಮಾಡಿದೆ.

ಮೇಘಶ್ರೀಯ ಅತ್ತೆ ಕಸ್ತೂರಮ್ಮ ಎಲ್ಲರಿಗೂ ಕೇಳುವ ಹಾಗೆ ಅಂದರು — "ಗಂಡ ಸತ್ತಾನೆ, ಕಣ್ಣಾಗೆ ಒಂದು ಹನಿ ಇಲ್ವಲ್ರೀ ಈಯಮ್ಮಂಗೆ."
"ನನ್ನ ಮಾನ ಕಳೆದೆ" ಅಂದಳು ಮಗಳು.

ಈಗ ಹೇಳಲು ಕಾರಣ ಸಿಕ್ಕಿದೆ. ಹೇಳಿದರೆ ಬಾಣಂತನಕ್ಕೆ ನನ್ನ ಹತ್ತಿರ ಬಂದಾಳು.

21-11, ನ್ಯಾಮತಿ ಬಸ್ ಸ್ಟ್ಯಾಂಡ್
ಇಲ್ಲಿ ವಿಶೇಷ ಮಕ್ಕಳ ಟೀಚರ್ ಒಬ್ಬರಿದ್ದಾರೆಂದು ಕೇಳಿ ಬಂದೆ. ಮಗು ಎಲ್ಲಿ ಅಂದರು. ನಾನೇ ಅಂದೆ. ನಕ್ಕರು. ಆಮೇಲೆ ಪಾಪ, ಕುರ್ಚಿ ಎಳೆದು ಕೂರಿಸಿದರು.
"ದೊಡ್ಡೋರಿಗೆ ಅಂತ ನಮ್ಮ ಹತ್ರ ಏನೂ ಇಲ್ರೀ."

ಒಂದು ಕರಪತ್ರ ಕೊಟ್ಟರು. ಮೇಲೆ ಚೆಂಡು ಹಿಡಿದ ಕೂಸಿನ ಚಿತ್ರ. ನಿಮ್ಮ ಮಗು ಹೆಸರು ಕರೆದರೆ ತಿರುಗುತ್ತದೆಯೇ? ನಿಮ್ಮ ಮಗು ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತದೆಯೇ? ಪೆನ್ನು ತೆಗೆದು "ನಿಮ್ಮ ಮಗು" ಇರುವಲ್ಲೆಲ್ಲ "ನಾನು" ಎಂದು ತಿದ್ದಿದೆ. ಹದಿಮೂರು ಕಡೆ.

28-11
ಮಂಡಿಯಲ್ಲಿ ಪಕ್ಕ ಕೂರುವ ಚೌಡಕ್ಕನಿಗೆ ಹೇಳಿದೆ.
"ಏನೂ ಆಗಿಲ್ಲ ಬಿಡೇ ನಿರ್ಮಲಾ. ನೀನು ಮೊದಲಿಂದಾನೂ ಹಿಂಗೇ ಅಲ್ವಾ?"
"ಮೊದಲಿಂದ ಹಿಂಗೇ ಇರೋದಕ್ಕೇ ಆ ಹೆಸರಂತೆ."
ಬಿದ್ದು ಬಿದ್ದು ನಕ್ಕಳು. ಕಣ್ಣೊರೆಸಿಕೊಂಡು ಅಂದಳು — "ನಿನ್ನ ಗಂಡ ಬೆನಕಪ್ಪಣ್ಣಂಗೆ ಗೊತ್ತಿತ್ತು ಕಣೇ. ಮದುವೆ ಮನೇಲಿ ಓಲಗ ಜೋರಾದ್ರೆ ಸಾಕು, ‘ನಿರ್ಮಲಾ, ಹೋಗು, ಚಪ್ಪಲಿ ನೋಡ್ಕೊ’ ಅನ್ನೋನು. ಚಪ್ಪಲಿ ಕಾಯಾಕೆ ಹೆಂಡ್ತೀನ ಇಟ್ಟಾನೆ ಅಂತ ನಾವೆಲ್ಲ ನಗ್ತಿದ್ವಿ. ನಿನ್ನ ಮಗಳು ಚಿಕ್ಕೋಳಿದ್ದಾಗ ಅಪ್ಪನ ಹಂಗೇ ಅಣಕಿಸಿ ತೋರಿಸ್ತಿದ್ಲು."

ಇಪ್ಪತ್ತೈದು ವರ್ಷ ಅದನ್ನು ಕೆಲಸ ಎಂದೇ ನಂಬಿದ್ದೆ. ಕಳುವಾದೀತೆಂದು ಕಳಿಸುತ್ತಾರೆ ಎಂದು.
ಅವರು ಹೋದ ದಿನ ಹೇಳುವವರು ಇರಲಿಲ್ಲ. ನಾನಾಗಿಯೇ ಹೋದೆ.

8-12, ಭಾನುವಾರ
ಹೊನ್ನಾಳಿಯಲ್ಲಿ ಸೀಮಂತ. ಊಟ ಆದಮೇಲೆ ಅಡುಗೆ ಮನೆಯಲ್ಲಿ ಕಸ್ತೂರಮ್ಮ ಕೇಳಿದರು, ಅವತ್ತು ಯಾಕೆ ಅಳಲಿಲ್ಲ ಎಂದು. ಡಾಕ್ಟರ ಚೀಟಿ ತೋರಿಸಿದೆ. ಎಲ್ಲ ಹೇಳಿದೆ. ಕೇಳಿಸಿಕೊಂಡರು. ಆಮೇಲೆ ಒಂದೇ ಮಾತು.
"ಹೊಟ್ಟೆಯಾಗಿರೋ ಕೂಸಿಗೂ ಬರ್ತೈತಾ ಇದು?"
ಡಾಕ್ಟರನ್ನು ನಾನೂ ಕೇಳಿದ್ದೆ. ಅವರು ಹೇಳಿದ್ದನ್ನೇ ಹೇಳಿದೆ. ಬರಬಹುದು, ಬರದೆಯೂ ಇರಬಹುದು.
ಕಸ್ತೂರಮ್ಮ ಚೀಟಿಯನ್ನು ನೆಲದ ಮೇಲಿಟ್ಟರು. ಕೈಗೆ ಕೊಡಲಿಲ್ಲ.

9-12
ಮೇಘಶ್ರೀ ಫೋನ್.
"ಬಾಯಿ ಮುಚ್ಕೊಂಡಿರಾಕೆ ಆಗಲಿಲ್ವಾ ನಿನಗೆ? ನನಗೆ ಮೊದಲು ಹೇಳಬಾರದಿತ್ತಾ?"
"ಕೇಳಿದ್ರು. ಹೇಳಿದೆ."
"ಕೇಳಿದ್ದಕ್ಕೆಲ್ಲ ಹೇಳ್ತಾರಾ ಯಾರಾದ್ರೂ?"
ಹೇಳುವುದಿಲ್ಲವಾ? ಗೊತ್ತಿರಲಿಲ್ಲ.
ಬಾಣಂತನ ಅಲ್ಲೇ ಅಂತೆ. ನಾನು ಹೋಗುವಂತಿಲ್ಲವಂತೆ.

14-1-2025
ಸಂಕ್ರಾಂತಿ. ಫೋನ್ ಎತ್ತಲಿಲ್ಲ.
ಕನ್ನಡಿ ಮುಂದೆ ನಿಂತು ಅಳುವುದನ್ನು ಕಲಿಯುತ್ತಿದ್ದೇನೆ. ನಾಮಕರಣಕ್ಕೆ ಕರೆದರೆ ಬೇಕಾಗಬಹುದು. ಬಾಯಿ ಸೊಟ್ಟ ಮಾಡಿದರೂ ಬರುವುದಿಲ್ಲ. ಎದೆಯಲ್ಲಿ ಗಡ್ಡೆ ಕಟ್ಟಿಕೊಂಡಿದೆ, ಅದು ಕಣ್ಣಿಗೆ ಏರುವುದಿಲ್ಲ. ಇದನ್ನು ಯಾರಿಗೆ ಹೇಗೆ ತೋರಿಸಲಿ?

17-2
ಹೆಣ್ಣು ಮಗು. ಚೌಡಕ್ಕನ ಫೋನಿನಲ್ಲಿ ಅಳಿಯನ ಸ್ಟೇಟಸ್ ನೋಡಿ ಗೊತ್ತಾಯಿತು. ಎರಡು ಲೋಟ ನೀರಿಟ್ಟೆ. ಎರಡನ್ನೂ ಕುಡಿದೆ.

9-3, ಭಾನುವಾರ, ಹೊನ್ನಾಳಿ, 11.40
ಕರೆದಿರಲಿಲ್ಲ. ಬಂದೆ. ನಾಮಕರಣ. ಮನೆ ತುಂಬ ಹೆಂಗಸರು. ಜೋಗುಳ, ಸ್ಟೀಲ್ ತಟ್ಟೆ, ಮೈಕು. ತೊಟ್ಟಿಲಿಗೆ ಆರು ಹೆಜ್ಜೆ ಇತ್ತು. ನಾಲ್ಕು ಹಾಕಿದೆ. ಕೈ ಎರಡೂ ಕಿವಿಗೆ ಹೋದವು.

ಕಸ್ತೂರಮ್ಮ ಅಡ್ಡ ನಿಂತರು. "ಈಗ ಬ್ಯಾಡ್ರೀ ಬೀಗ್ತಿ. ಕೂಸು ಹೆದರ್ತೈತೆ."
ಎಲ್ಲರೂ ತಿರುಗಿದರು. ಮೇಘಶ್ರೀ ನನ್ನ ಕೈಯನ್ನೇ ನೋಡಿದಳು. ಬಹಳ ಹೊತ್ತು.
"ಅವ್ವಾ. ಹೋಗು, ಚಪ್ಪಲಿ ನೋಡ್ಕೊ."

ಹೊರಗೆ ಬಂದೆ. ಜೋಡಿ ಮಾಡಿದೆ. ಈಗ ಜಗಲಿಯಲ್ಲಿ ಕೂತು ಬರೆಯುತ್ತಿದ್ದೇನೆ. ಅವಳ ಅಪ್ಪ ಹೇಳುತ್ತಿದ್ದ ಹಾಗೆ ಹೇಳಿದಳಾ? ಹೊರಗೆ ಅಟ್ಟಲು ಹೇಳಿದಳಾ? ದನಿಯಿಂದ ತಿಳಿಯುವುದು ನನಗೆ ಬರುವುದಿಲ್ಲ. ಕೇಳಬೇಕು. ನಮ್ಮ ಮನೆಯವರನ್ನು ಒಂದು ಸಲವೂ ಕೇಳಲಿಲ್ಲ, ಯಾಕೆ ಕಳಿಸುತ್ತೀರಿ ಎಂದು. ಇವಳನ್ನಾದರೂ ಕೇಳಬೇಕು. ಏನು ಹೇಳಿದರೂ ಸರಿ.

ಐವತ್ತಮೂರು ಜೋಡಿ. ಒಂದು ಒಂಟಿ ಉಳಿದಿದೆ. ನೀಲಿ, ಎಡಗಾಲಿನದು.

ಒಳಗೆ ಮೈಕು ನಿಂತಿತು. ಯಾರೋ ಆಫ್ ಮಾಡಿಸಿದರು. ಕೂಸಿನ ಸದ್ದು ಬಾಗಿಲ ಹತ್ತಿರಕ್ಕೆ ಬರುತ್ತಿದೆ... ಮೇಘಶ್ರೀ. ಒಬ್ಬಳೇ. ಮಗುವನ್ನು ಎತ್ತಿಕೊಂಡು ನನ್ನ ಕಡೆಗೇ ಬರುತ್ತಿದ್ದಾಳೆ. ಬರೆಯುವುದು ಸಾಕು, ಕೇಳುತ್ತೇನೆ.