ಹಸಿರು ದಾರದ ಅಂಗಿ

ಲಾಂಡ್ರಿಯಿಂದ,
ಬುಧವಾರ, ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಮೊದಲು ನಿನ್ನ ಕಾಲಿನ ಸಮಾಚಾರ ಹೇಳು. ಬರಿಗಾಲಲ್ಲಿ ಅಷ್ಟು ದೂರ ಓಡಿದವನ ಅಂಗಾಲು ಹೇಗಿರುತ್ತದೆಂದು ನನಗೆ ಗೊತ್ತು, ಈಚೆಗೆ ಅಂಥ ಅಂಗಾಲುಗಳನ್ನೇ ನೋಡುತ್ತಿದ್ದೇನೆ. ಬಿಸಿನೀರಿಗೆ ಉಪ್ಪು ಹಾಕಿ ಅದ್ದಿಟ್ಟುಕೋ. ಗಾಯ ಒಣಗುವಾಗ ಹಕ್ಕಳೆ ಕೀಳಬೇಡ, ಚಿಕ್ಕಂದಿನಿಂದಲೂ ನಿನಗೆ ಅದೊಂದು ಕೆಟ್ಟ ಚಾಳಿ. ಊಟ ಸೇರುತ್ತಿದೆಯೇ? ನಿದ್ದೆ ಹತ್ತುತ್ತಿದೆಯೇ? ನಾನು ಚೆನ್ನಾಗಿದ್ದೇನೆ. ಮಂಡಿ ನೋವು ಕೂಡ ಶೆಲ್ಲಿನ ಸದ್ದಿಗೆ ಹೆದರಿ ಮೂಲೆ ಸೇರಿದೆ, ಅದೊಂದು ಉಪಕಾರ ಮಾಡಿದ್ದಾರೆ ಶತ್ರುಗಳು.

ನಿನ್ನ ಕಾಗದ ಬಂತು. ಅದರಲ್ಲಿರುವುದು ಎರಡೇ ಮಾತು. ಒಂದು, ನಾನು ಕೂಡಲೇ ಲಾಂಡ್ರಿಗೆ ಬೀಗ ಜಡಿದು ನಿನ್ನ ಚಿಕ್ಕಮ್ಮನ ಮನೆಗೆ ಹೊರಟುಬಿಡಬೇಕು. ಎರಡು, ನೀನು ಗಡಿಯಿಂದ ಓಡಿಬಂದವನಾದ್ದರಿಂದ ಇನ್ನು ಫಿರಂಗಿ ಮುಟ್ಟುವುದಿಲ್ಲ, ಆ ಹಿಂದಿನ ಶಿಬಿರದ ಗೋದಾಮಿನಲ್ಲೇ ಮೂಟೆ ಹೊತ್ತುಕೊಂಡು ಇದ್ದುಬಿಡುತ್ತೀಯ, ನಮ್ಮ ಬೀದಿಗೆ ಮುಖ ತೋರಿಸುವುದಿಲ್ಲ. ಮೊದಲನೆಯದಕ್ಕೆ ಉತ್ತರ, ಹೋಗುವುದಿಲ್ಲ. ಚಿಕ್ಕಮ್ಮನ ಮನೆಯಲ್ಲಿ ಕೂತು ಅವಳ ಅತ್ತೆಯ ವಾಯುಬಾಧೆಯ ಕಥೆ ಕೇಳುವುದಕ್ಕಿಂತ ಶೆಲ್ಲಿನ ಸದ್ದೇ ವಾಸಿ. ಎರಡನೆಯದಕ್ಕೆ ಉತ್ತರ ಸ್ವಲ್ಪ ಉದ್ದ, ಮೂಟೆ ಇಳಿಸಿ ಕೂತು ಓದು.

ಆ ದಿನ ಬೆಳಕು ಹರಿಯುವಾಗ ನಾನು ಬಾಯ್ಲರಿಗೆ ಬೆಂಕಿ ಮಾಡುತ್ತಿದ್ದೆ. ರೇಡಿಯೋದಲ್ಲಿ ಇಡೀ ದಿನ ಬಿಸಿಲಿರುತ್ತದೆ ಎಂದರು. ಅಷ್ಟರಲ್ಲೇ ಗಡಿಯ ಕಡೆಯಿಂದ ಗುಡುಗಿದ ಹಾಗಾಯಿತು. ಇವರ ಹವಾಮಾನಕ್ಕಿಷ್ಟು ಬೆಂಕಿ ಹಾಕ ಎಂದು ನಕ್ಕೆ. ಶತ್ರುಗಳು ಒಳಗೆ ನುಗ್ಗಿದ್ದಾರೆಂದು ನಮಗೆ ಬಾಯಿಬಿಟ್ಟು ಯಾರೂ ಹೇಳಲಿಲ್ಲ ಪುಟ್ಟೂ, ನಮ್ಮ ಸೈನಿಕರ ಕಾಲುಗಳೇ ಹೇಳಿದವು. ಮೊದಲು ಒಬ್ಬ ಬಂದ, ಟೋಪಿಯಿಲ್ಲ. ಆಮೇಲೆ ಬಂದವನಿಗೆ ಬೂಟಿಲ್ಲ. ಆಮೇಲೆ ಗುಂಪು ಗುಂಪಾಗಿ ಬಂದರು. ಗುಂಪು ಎಂದರೂ ತಪ್ಪೇ, ಅಷ್ಟು ಜನರೂ ಒಬ್ಬೊಬ್ಬರೇ. ಪಕ್ಕದವನ ಮುಖವನ್ನು ಯಾರೂ ನೋಡುತ್ತಿರಲಿಲ್ಲ. ಸಿಕ್ಕಿಬಿದ್ದರೆ ಯಾವ ತುಕಡಿಯವರೆಂದು ಗೊತ್ತಾಗಬಾರದೆಂದು ಕೆಲವರು ಭುಜದ ಬಿಲ್ಲೆಯನ್ನೇ ಕಿತ್ತೆಸೆದಿದ್ದರು. ಎದುರಂಗಡಿಯ ಕಟಿಂಗಿನವನು ಬಾಗಿಲಲ್ಲಿ ನಿಂತು, "ಏನ್ರಪ್ಪಾ, ಇವತ್ತು ಓಟದ ಪಂದ್ಯಾನಾ? ಫಸ್ಟ್ ಬಂದೋರಿಗೆ ನನ್ನ ಕಡೆಯಿಂದ ಶೇವಿಂಗ್ ಫ್ರೀ!" ಎಂದ. ಕೈಯಲ್ಲಿದ್ದ ಒದ್ದೆ ಟವೆಲನ್ನು ಅವನ ಮುಖಕ್ಕೇ ಬೀಸಿದೆ. "ನೀನು ಮಲಗಿರುವಾಗ ಯಾರೋ ಬಾಗಿಲು ಒದ್ದು ಒಳಗೆ ಬಂದರೆ ಕನ್ನಡಿ ಮುಂದೆ ನಿಂತು ತಲೆ ಬಾಚ್ಕೋತೀಯೇನೋ?" ಎಂದೆ. ಈಗ ಅದೇ ಮಹಾನುಭಾವ ಅವರಿಗೆಲ್ಲ ನಿಜವಾಗಿಯೂ ಬಿಟ್ಟಿಯಾಗಿ ಶೇವಿಂಗ್ ಮಾಡುತ್ತಿದ್ದಾನೆ. ಕೊಟ್ಟ ಮಾತು ಉಳಿಸಿಕೊಳ್ಳುವಂತೆ ನಾನೇ ನೋಡಿಕೊಂಡಿದ್ದೇನೆ.

ಬೀದಿಯಲ್ಲಿ ಬೆಚ್ಚಗಿದ್ದದ್ದು ನಮ್ಮ ಲಾಂಡ್ರಿಯೊಂದೇ, ಎಲ್ಲರನ್ನೂ ಒಳಗೆ ಕರೆದೆ. ಇಸ್ತ್ರಿ ಮೇಜಿನ ಮೇಲೆ, ಬಟ್ಟೆಯ ಗಂಟುಗಳ ಮೇಲೆ, ಒಣಗಿಸುವ ಕೋಣೆಯ ನೆಲದ ಮೇಲೆ, ಎಲ್ಲಿ ನೋಡಿದರೂ ಹುಡುಗರು. ಅವರ ಹಿಂದೆಯೇ ಒಬ್ಬ ಕ್ಯಾಪ್ಟನ್ ಬಂದರು, ಸಣ್ಣ ವಯಸ್ಸು, ಬೇರೆ ಠಾಣೆಯವರು. ಇಲ್ಲಿ ಒಬ್ಬನ ಗುರುತೂ ಅವರಿಗಿಲ್ಲ. ವೈರ್‌ಲೆಸ್ ಸತ್ತಿತ್ತು. ನದಿಯ ಸೇತುವೆಯ ಹತ್ತಿರ ನಮ್ಮದೇ ಒಂದು ಫಿರಂಗಿ ದಿಕ್ಕಿಲ್ಲದೆ ನಿಂತಿದೆ, ಯಾರನ್ನಾದರೂ ಒಟ್ಟು ಹಾಕಿ ಅಲ್ಲಿಗೆ ಕಳಿಸದಿದ್ದರೆ ಊರು ಹೋಯಿತು ಎಂದರು. ಯಾವ ತುಕಡಿ, ಏನು ಕೆಲಸ ಎಂದು ಒಬ್ಬೊಬ್ಬನನ್ನೇ ಕೇಳುತ್ತಾ ಬಂದರು. ಒಬ್ಬನಿಗೆ ಕಿವಿ ಕೇಳುತ್ತಿರಲಿಲ್ಲ. ಒಬ್ಬ ತನ್ನ ಅಮ್ಮನ ಹೆಸರು ಹೇಳಿದ. ಮಿಕ್ಕವರಲ್ಲಿ ಹೆಚ್ಚಿನವರು "ನಾನು ಅಡಿಗೆಯವನು ಸಾರ್" ಎಂದರು. ಅಡಿಗೆಯವರನ್ನು ಯಾರೂ ಮುಂದಕ್ಕೆ ಕಳಿಸುವುದಿಲ್ಲವಲ್ಲ! ಕ್ಯಾಪ್ಟನ್ ಹಣೆ ಹಣೆ ಚಚ್ಚಿಕೊಂಡು, "ಇಷ್ಟೊಂದು ಅಡಿಗೆಯವರಿದ್ದೂ ನನಗೆ ಒಂದು ದಿನ ನೆಟ್ಟಗೆ ಊಟ ಸಿಗಲಿಲ್ಲವಲ್ರೀ!" ಎಂದರು.

ಆಗ ನಾನು ಬಾಯಿ ಹಾಕಿದೆ. ನಿನಗೇ ಗೊತ್ತು, ಠಾಣೆಯ ಬಟ್ಟೆ ನಿನ್ನ ಅಜ್ಜನ ಕಾಲದಿಂದ ನಮ್ಮಲ್ಲೇ ಒಗೆಯುವುದು, ಬೆರೆತುಹೋಗದ ಹಾಗೆ ಪ್ರತಿ ಅಂಗಿಯ ಕಾಲರಿನ ಒಳಗೆ ದಾರದ ಗುರುತು ಹಾಕುವವಳು ನಾನು. ಕಾಲಾಳಿಗೆ ಕೆಂಪು, ಅಡಿಗೆಗೆ ನೀಲಿ, ಫಿರಂಗಿಗೆ ಹಸಿರು. "ಬಾಯಿ ಸುಳ್ಳು ಹೇಳಬಹುದು ಸಾರ್, ನನ್ನ ಹೊಲಿಗೆ ಹೇಳಲ್ಲ" ಎಂದೆ, ಏನು ಜಂಬ ನನಗೆ! ಕೊಳೆ ಬಟ್ಟೆ ವಿಂಗಡಿಸುವ ಹಾಗೇ ಶುರು ಮಾಡಿದೆ. ಕತ್ತು ಬಗ್ಗಿಸು, ಕಾಲರ್ ತಿರುಗಿಸು, ಕೆಂಪು ಆ ಕಡೆ, ನೀಲಿ ಈ ಕಡೆ. ಬೆಟ್ಟದ ಹಾಗಿದ್ದ ಒಬ್ಬ, ಗುಂಡಿ ಹಾಕಲಾಗದಷ್ಟು ಬಿಗಿಯಾದ ಅಂಗಿಯಲ್ಲಿ ಉಸಿರು ಬಿಗಿಹಿಡಿದು ನಿಂತಿದ್ದ. ಕಾಲರಿನಲ್ಲಿ ಹಸಿರು. "ಫಿರಂಗಿ!" ಎಂದು ಕೂಗಿದೆ. "ಅಜ್ಜೀ, ನಿಜವಾಗ್ಲೂ ನಾನು ಅಡಿಗೆಯವನೇ ಅಜ್ಜೀ, ಬೇಕಾದ್ರೆ ಈರುಳ್ಳಿ ಕೊಡಿ, ಹೆಚ್ಚಿ ತೋರಿಸ್ತೀನಿ" ಎಂದು ಗೋಗರೆದ. ಕೋಣೆಗೆ ಕೋಣೆಯೇ ಬಿದ್ದು ಬಿದ್ದು ನಕ್ಕಿತು. ಬೆಳಗಿನಿಂದ ಅವರು ಒಬ್ಬರ ಮುಖ ಒಬ್ಬರು ನೋಡಿದ್ದು ಆಗಲೇ. ಹಾಗೆ ನಗುತ್ತಲೇ ಬಿಸಿನೀರು ಕುಡಿದು, ನಾನು ಮಾಡಿಕೊಟ್ಟ ಗುಂಪುಗಳಲ್ಲಿ ಸೇತುವೆಗೆ ನಡೆದರು. ಶತ್ರುಗಳು ಆಚೆ ದಡಕ್ಕೆ ಬಂದಾಗ ಈಚೆಯಿಂದ ಗುಂಡು ಹಾರಿತು. ಅವರು ನಿಂತರು. ಇವತ್ತಿಗೂ ಅಲ್ಲೇ ನಿಂತಿದ್ದಾರೆ.

ಮಾರನೆಯ ದಿನ ಆ ಬೆಟ್ಟದಂಥವನು ಮಸಿ ಮೆತ್ತಿದ ಅಂಗಿ ಒಗೆಯಲು ಕೊಟ್ಟು ಟವೆಲು ಹೊದ್ದು ಕೂತ. ಸೋಪು ಹಚ್ಚುವಾಗ ಗುಂಡಿಪಟ್ಟಿಯ ಒಳಗೆ ಬೆರಳಿಗೆ ಏನೋ ತಗುಲಿತು. ಹಸಿರು ದಾರದ ಸಣ್ಣ ಗಂಟು. ಅದು ನಾನು ಹಾಕಿದ್ದು ಒಬ್ಬನ ಅಂಗಿಗೆ ಮಾತ್ರ. ನೆನಪಿದೆಯಾ, ನೀನು "ಅಜ್ಜೀ, ನಾನೇನು ಸ್ಕೂಲಿಗೆ ಹೋಗ್ತಿದೀನಾ, ಎಲ್ಲರೂ ನಗ್ತಾರೆ, ಬಿಚ್ಚು" ಎಂದು ಹಾರಾಡಿದ್ದೆ, ನಾನು ಸೊಪ್ಪು ಹಾಕಿರಲಿಲ್ಲ. ನಿನ್ನ ಹೆಣದ ಮೇಲಿಂದ ಬಿಚ್ಚಿಕೊಂಡಿದ್ದಾನೆ ಎಂದೇ ತಿಳಿದು ಒದ್ದೆ ಅಂಗಿ ಹಿಡಿದು, ನನ್ನ ಮೊಮ್ಮಗ ಎಲ್ಲೋ ಎಂದು ಅವನ ಮೈಮೇಲೇ ಹೋದೆ. ಅವನು ಗಾಬರಿಯಾಗಿ, "ಇಲ್ಲಜ್ಜೀ, ನಮ್ಮಿಬ್ಬರ ಅಂಗಿ ಒಂದೇ ಹಗ್ಗದಲ್ಲಿತ್ತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದು ಎಳ್ಕೊಂಡೆ. ಅವನು ನನ್ನದು ಎಳ್ಕೊಂಡು ಓಡಿದ. ಚೆನ್ನಾಗೇ ಓಡ್ತಿದ್ದ ಅಜ್ಜೀ, ನನಗಿಂತ ಮುಂದಿದ್ದ!" ಎಂದ. ನೀನು ಓಡಿದ ಸುದ್ದಿ ನನಗೆ ತಲುಪಿದ್ದು ಹೀಗೆ. ಅಂಥ ಒಳ್ಳೆಯ ಸುದ್ದಿಯನ್ನು ನನ್ನ ಜನ್ಮದಲ್ಲೇ ಕೇಳಿರಲಿಲ್ಲ. ಅವನ ಟವೆಲಿನಿಂದಲೇ ಕಣ್ಣೊರೆಸಿಕೊಂಡೆ. ಈಗ ನಿನ್ನ ಮೈಮೇಲಿರುವ ಅಂಗಿಯ ಕಾಲರ್ ತಿರುಗಿಸಿ ನೋಡು. ನೀಲಿ ಇರುತ್ತದೆ.

ಕಣ್ಣೊರೆಸಿಕೊಂಡ ಮೇಲೆ ತಲೆ ಓಡಿತು. ಕತ್ತಲಲ್ಲಿ ಕೈಗೆ ಸಿಕ್ಕಿದ್ದನ್ನು ತೊಟ್ಟವರು ಇವರಿಬ್ಬರೇ ಇರಲಾರರಲ್ಲ! ಅಯ್ಯೋ, ಇಡೀ ಸೈನ್ಯವನ್ನೇ ತಪ್ಪು ಗಂಟು ಕಟ್ಟಿಬಿಟ್ಟೆನಲ್ಲ ಎಂದು ಸೆರಗು ಬಿಗಿದುಕೊಂಡು ಸೇತುವೆಗೆ ಓಡಿದೆ. ನಮ್ಮ ವಂಶದಲ್ಲಿ ಓಡಿದವನು ನೀನೊಬ್ಬನೇ ಅಲ್ಲ. ವಿಷಯ ಕೇಳಿ ಕ್ಯಾಪ್ಟನ್ ಮರಳಿನ ಚೀಲದ ಮೇಲೆ ಕೂತು ನಕ್ಕರು. ಅವರಿಗೆ ಆಗಲೇ ಗೊತ್ತಾಗಿತ್ತಂತೆ. ಫಿರಂಗಿ ಗುಂಪಿನಲ್ಲಿ ನಿಜವಾದ ಫಿರಂಗಿಯವನು ಒಬ್ಬನೇ, ಅವನು ಬಾಯಲ್ಲಿ ಹೇಳಿಕೊಟ್ಟ ಹಾಗೆ ಮಿಕ್ಕವರು ಮಾಡಿದ್ದಾರೆ. ಅಡಿಗೆ ಗುಂಪಿನಲ್ಲಿ ಒಲೆ ಮುಂದೆ ಕೂತಿರುವವನು ವೈರ್‌ಲೆಸ್ಸಿನವನು, ಅವನ ಅಡಿಗೆ ತಿಂದರೆ ಶತ್ರುಗಳೂ ಶರಣಾಗುತ್ತಾರೆ. "ಹಾಗಾದ್ರೆ ಮತ್ತೆ ವಿಂಗಡಿಸಲಾ ಸಾರ್?" ಎಂದೆ. "ಬೇಡ ಅಜ್ಜಿ. ನಿನ್ನೆ ಬೆಳಿಗ್ಗೆ ಒಬ್ಬರನ್ನೊಬ್ಬರು ನಂಬ್ತಾ ಇರಲಿಲ್ಲ ಇವರು. ಈಗ ಪಕ್ಕದಲ್ಲಿರೋನು ನಿಲ್ತಾನೆ ಅಂತ ನಂಬಿದ್ದಾರೆ. ಬಿಚ್ಚಿದ್ರೆ ನನಗೆ ಮತ್ತೆ ಕಟ್ಟೋಕೆ ಬರಲ್ಲ" ಎಂದರು. ತಮ್ಮನ್ನು ತಾವೇ ಈಗ ಅವರು 'ಗಂಟು ಪಡೆ' ಎಂದು ಕರೆದುಕೊಳ್ಳುತ್ತಾರೆ.

ಇದನ್ನೆಲ್ಲ ಯಾಕೆ ಬರೆದೆ ಗೊತ್ತೇ? ಸೇತುವೆಯ ಮೇಲೆ ಓಡದವನು ಒಬ್ಬನೂ ಇಲ್ಲ. ಅಷ್ಟೂ ಜನ ಕಾಲಿಗೆ ಬುದ್ಧಿ ಹೇಳಿದವರೇ. ಹೇಳದೆ ಕೇಳದೆ ನುಗ್ಗಿದವರು ನಿಮ್ಮ ಬಂದೂಕಿಗಿಂತ ಮೊದಲು ಪಕ್ಕದವನ ಮೇಲಿನ ನಂಬಿಕೆಯನ್ನು ಕಿತ್ತುಕೊಂಡರು. ಹಾಗಾಗಿ ದಿಕ್ಕಾಪಾಲಾದಿರಿ. ಅಲ್ಲಿಗೆ ಕೆಲಸ ಮುಗಿಯಿತು ಎಂದುಕೊಂಡರು ಅವರು. ದಿಕ್ಕಾಪಾಲಾಗಿದ್ದನ್ನು ಬೆಳಗಿನಿಂದ ಸಂಜೆಯವರೆಗೆ ಗುಡ್ಡೆ ಹಾಕುವುದೇ ನಮ್ಮ ಮನೆಯ ಕಸುಬು ಎಂದು ಪಾಪ ಅವರಿಗೇನು ಗೊತ್ತು! ಮೊನ್ನೆ ಮಹಡಿಯ ಮೂಲೆಗೆ ಶೆಲ್ಲು ಬಿತ್ತು, ಹಗ್ಗದ ಕಂಬ ಒಂದು ಹೋಯಿತು. ಉಳಿದ ಕಂಬಕ್ಕೆ ಹಗ್ಗ ಬಿಗಿದು ಯೂನಿಫಾರ್ಮುಗಳನ್ನು ನದಿಯ ಕಡೆಗೇ ಮುಖ ಮಾಡಿ ಒಣಹಾಕಿದ್ದೇನೆ. ದುರ್ಬೀನು ಹಿಡಿದು ನೋಡಲಿ, ನಮ್ಮವರ ಕೊಳೆ ಹೋಗಿದೆ ಎಂದು ಗೊತ್ತಾಗಲಿ. ನಾಚಿಕೆಪಡಬೇಕಾದವರು ಮಲಗಿದ್ದವರ ಮೇಲೆ ಬಿದ್ದವರು. ನೀನಲ್ಲ.

ಆ ಶಿಬಿರದಲ್ಲಿ ನಿನಗೆ ಅನ್ನ ಹಾಕುತ್ತಿರುವವರಿಗೆ ನನ್ನ ನಮಸ್ಕಾರ ತಿಳಿಸು. ಕಟಿಂಗಿನವನು ನಿನ್ನನ್ನು ಕೇಳಿದ್ದಾನೆ, ನಿನ್ನ ತಲೆ ಕಾಡಾಗಿರಬೇಕೆಂದು ಅವನಿಗೆ ಚಿಂತೆಯಂತೆ. ನಿನ್ನ ಕೈಕಾಲು ಗಟ್ಟಿಯಾಗಿರಲಿ, ನೂರು ವರ್ಷ ಬಾಳು.

ಇಂತು ನಿನ್ನ
ಅಜ್ಜಿ

ಮರೆತಿದ್ದೆ: ಈ ಕಾಗದ ತರುವ ಲಾರಿಯಲ್ಲಿ ಗಾಯಾಳುಗಳಿದ್ದಾರೆ. ಬಲಗೈಗೆ ಪಟ್ಟಿ ಕಟ್ಟಿದವನೇ ಆ ಒಬ್ಬ ನಿಜವಾದ ಫಿರಂಗಿಯವನು. ಇವತ್ತಿನಿಂದ ಫಿರಂಗಿಯ ಹತ್ತಿರ ಅದನ್ನು ಬಲ್ಲವರು ಯಾರೂ ಇಲ್ಲ. ನಿನ್ನ ಅಂಗಿಯಲ್ಲಿ ನಿನ್ನ ಕೆಲಸ ಮಾಡುತ್ತಿರುವವನು ಅಡಿಗೆಯವನು. ಬಾ ಎಂದು ಬರೆಯಲು ಕೈ ಬರುತ್ತಿಲ್ಲ, ನಾನು ನಿನ್ನನ್ನು ಎತ್ತಿ ಆಡಿಸಿದವಳು. ಬರಬೇಡ ಎಂದು ಬರೆಯಲೂ ಬರುತ್ತಿಲ್ಲ, ಅವನನ್ನು ಎತ್ತಿ ಆಡಿಸಿದವಳೂ ಎಲ್ಲೋ ಇದ್ದಾಳೆ. ಲಾರಿ ಹಿಂದಿರುಗುವಾಗ ಖಾಲಿ ಬರುತ್ತದೆ, ಅಷ್ಟು ಮಾತ್ರ ತಿಳಿಸುತ್ತೇನೆ. ನಿನ್ನ ಅಂಗಿಯ ಹೊಲಿಗೆ ಬಿಚ್ಚಿ ಬಿಚ್ಚಿ ಅವನಿಗೆ ಅಗಲ ಮಾಡಿಕೊಟ್ಟಿದ್ದೇನೆ, ಇನ್ನು ಬಿಚ್ಚಲು ಬಟ್ಟೆಯಿಲ್ಲ. ಬರುವುದಾದರೆ ಅದು ಹರಿಯುವ ಮೊದಲು ಬಾ.